ಹಗೇವಿನ ಜೋಳ, ಜಿನೀವಾದ ಪರೀಕ್ಷೆ

ಹತ್ತನೆಯ ತರಗತಿ ಮುಗಿದೊಡನೆ ವಿಜ್ಞಾನವೋ, ವಾಣಿಜ್ಯವೋ, ಕಲೆಯೋ ಎಂದು ಮಕ್ಕಳನ್ನು ಮೂರು ಸಾಲುಗಳಲ್ಲಿ ನಿಲ್ಲಿಸುವುದು ಕನ್ನಡ ನಾಡಿನಲ್ಲಿ ರೂಢಿಯಾಗಿ ಬಂದ ಕ್ರಮ. ಭೌತಶಾಸ್ತ್ರ ಓದುವವನಿಗೆ ಇತಿಹಾಸ ಬೇಡ, ಲೆಕ್ಕಶಾಸ್ತ್ರ ಕಲಿಯುವವಳಿಗೆ ಜೀವಶಾಸ್ತ್ರ ಬೇಡ ಎಂಬ ಈ ವಿಭಜನೆಯನ್ನು ಒಪ್ಪದ ವ್ಯಾಸಂಗಕ್ರಮವೊಂದು 1968ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ರೂಪುಗೊಂಡಿತು. ಅದೇ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಡಿಪ್ಲೊಮಾ. ರಾಯಭಾರಿಗಳ ಹಾಗೂ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರ ಮಕ್ಕಳು ದೇಶದಿಂದ ದೇಶಕ್ಕೆ ಹೋಗುವಾಗ ಅವರ ಓದು ತುಂಡಾಗಬಾರದೆಂಬುದು ಅದರ ಮೂಲೋದ್ದೇಶಗಳಲ್ಲಿ ಒಂದು. ಬ್ರಿಟಿಷ್ ಶಿಕ್ಷಣತಜ್ಞ ಅಲೆಕ್ ಪೀಟರ್ಸನ್ ಅವರು ಅದರ ಮೊದಲ ಮಹಾನಿರ್ದೇಶಕರು. ಭಾರತದಲ್ಲಿ 1976ರಷ್ಟು ಹಿಂದೆಯೇ ಕೊಡೈಕೆನಾಲಿನ ಶಾಲೆಯೊಂದು ಇದನ್ನು ಸ್ವೀಕರಿಸಿತ್ತು.

ಇದು ಸಿರಿವಂತರ ಮಕ್ಕಳ ಓದು ಎಂಬ ಮಾತಿದೆ; ಶುಲ್ಕವನ್ನು ನೋಡಿದರೆ ಆ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಉತ್ತರ ಕರ್ನಾಟಕದ ತಾಲೂಕು ಊರೊಂದರ ಹುಡುಗಿ, ಹಳ್ಳಿಯ ಶಾಲಾ ಮಾಸ್ತರರ ಮಗಳು, ವಿದ್ಯಾರ್ಥಿವೇತನದ ಬಲದಿಂದ ಹೊರರಾಜ್ಯದ ಇಂಥದೊಂದು ವಸತಿಶಾಲೆಯನ್ನು ಸೇರಿದಳು. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಕಲಿತವಳು.

ಅಲ್ಲಿ ಎರಡು ವರ್ಷ ಆರು ವಿಷಯಗಳ ಅಧ್ಯಯನ. ಸಾಹಿತ್ಯ, ಇನ್ನೊಂದು ಭಾಷೆ, ಸಮಾಜಶಾಸ್ತ್ರಗಳಲ್ಲೊಂದು, ವಿಜ್ಞಾನ, ಗಣಿತ ಇವು ಬೇಕೇ ಬೇಕು. ಆರನೆಯದು ಲಲಿತಕಲೆಯಾಗಬಹುದು, ಬೇರೆಯದೂ ಆಗಬಹುದು. ಸಾಮಾನ್ಯವಾಗಿ ಮೂರು ವಿಷಯಗಳನ್ನು ತಲಾ 240 ಗಂಟೆ ಉನ್ನತ ಮಟ್ಟದಲ್ಲಿಯೂ ಉಳಿದವನ್ನು 150 ಗಂಟೆ ಸಾಧಾರಣ ಮಟ್ಟದಲ್ಲಿಯೂ ಬೋಧಿಸುತ್ತಾರೆ. ವಿಷಯವೊಂದಕ್ಕೆ 7 ಅಂಕಗಳಂತೆ 42. ಪ್ರೌಢ ಪ್ರಬಂಧ ಮತ್ತು ಜ್ಞಾನಮೀಮಾಂಸೆಗೆ ಸೇರಿ ಮತ್ತೆ 3. ಸೃಜನೆ, ಚಟುವಟಿಕೆ, ಸೇವೆ ಎಂಬ ಭಾಗಕ್ಕೆ ಅಂಕವೇ ಇಲ್ಲ, ಆದರೆ ಅದನ್ನು ಪೂರೈಸದವರಿಗೆ ಡಿಪ್ಲೊಮಾ ದೊರೆಯದು.

ಮೊದಲ ತೊಡಕು ಬಂದದ್ದು ಮನೆಯಿಂದ. ಮಗಳು ವೈದ್ಯೆಯಾಗಬೇಕೆಂಬುದು ತಂದೆಯ ಆಸೆ. ಭಾರತದ ವೈದ್ಯಕೀಯ ಪ್ರವೇಶಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು. ಈ ಕ್ರಮದಲ್ಲಾದರೋ ಸಾಮಾನ್ಯವಾಗಿ ಎರಡು ವಿಜ್ಞಾನಗಳಿಗಷ್ಟೇ ಸ್ಥಳ. ವಿಶೇಷ ಅನುಮತಿ ಪಡೆದರೆ ಮೂರನೆಯದನ್ನೂ ಓದಬಹುದು, ಆದರೆ ಬೇರೊಂದನ್ನು ಬಿಡಬೇಕು. ಹುಡುಗಿ ಇತಿಹಾಸವನ್ನು ಬಿಡಲೊಪ್ಪಲಿಲ್ಲ. ಮಾಸ್ತರರು ಬೈಯಲಿಲ್ಲ, ವಾರಕ್ಕೊಮ್ಮೆ ಮಾಡುತ್ತಿದ್ದ ಫೋನನ್ನು ಎರಡು ತಿಂಗಳು ಮಾಡಲಿಲ್ಲ. ಬಡ ಮನೆಯೊಂದು ಕಟ್ಟಿಕೊಂಡ ಭರವಸೆ ಕದಲಿದಾಗ ಆ ಮೌನವನ್ನು ತಪ್ಪೆನ್ನುವುದೆಂತು?

ಪ್ರೌಢ ಪ್ರಬಂಧವು 4000 ಪದಗಳನ್ನು ಮೀರುವಂತಿಲ್ಲ. ವಿಷಯವನ್ನು ವಿದ್ಯಾರ್ಥಿಯೇ ಆರಿಸಬೇಕು. ಆಕೆ ಆರಿಸಿದ್ದು ಹಗೇವನ್ನು. ನೆಲದಡಿಯ ಆ ಕಣಜದಲ್ಲಿ ತುಂಬಿ ಬಾಯಿ ಮುಚ್ಚಿದ ಜೋಳ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುವುದೇಕೆ? ಕಾಳು ತಾನೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಕುಗ್ಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಆ ಗಾಳಿಯಲ್ಲಿ ಹುಳು ಬದುಕದು. ಅದೇ ಕಾರಣದಿಂದ ಹಗೇವು ತೆರೆದೊಡನೆ ಇಳಿದ ಮನುಷ್ಯನೂ ಬದುಕಲಾರ. ಆಳನ್ನು ಇಳಿಸುವ ಮೊದಲು ಹಿರಿಯರು ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದರು.

ಇದನ್ನೆಲ್ಲ ಆಕೆಗೆ ಹೇಳಿದವಳು ಅಕ್ಷರವನ್ನೇ ಕಲಿಯದ ಅಜ್ಜಿ. ಮಾರ್ಗದರ್ಶಕ ಶಿಕ್ಷಕರು ಪ್ರತಿಯೊಂದು ಮಾತಿಗೂ ಆಧಾರ ಕೇಳಿದರು. ಕೇಳತಕ್ಕದ್ದೇ. ಜ್ಞಾನಮೀಮಾಂಸೆಯ ತರಗತಿಯಲ್ಲಿ ಎಲ್ಲರಿಗೂ ಒಗಟಾಗಿದ್ದ, ತಿಳಿದದ್ದು ತಿಳಿದಿದೆಯೆಂಬುದು ಹೇಗೆ ಗೊತ್ತು ಎಂಬ ಪ್ರಶ್ನೆ ಈ ಹುಡುಗಿಗೆ ಮನೆಯ ಪ್ರಶ್ನೆಯಾಯಿತು. ಕಡೆಗೆ ರಸಾಯನಶಾಸ್ತ್ರದ ಗ್ರಂಥಗಳ ಜೊತೆಗೆ ಅಜ್ಜಿಯ ಸಂದರ್ಶನವೂ, ದಿನಾಂಕಸಹಿತವಾಗಿ, ಆಧಾರಗಳ ಪಟ್ಟಿಯಲ್ಲಿ ಸೇರಿತು.

ಫಲಿತಾಂಶ ಜುಲೈ ತಿಂಗಳ ಮೊದಲ ವಾರದಲ್ಲಿ ಬಂತು. ನಲವತ್ತೈದಕ್ಕೆ ಮೂವತ್ತಾರು. ನೂರಕ್ಕೆ ಎಷ್ಟಾಯಿತೆಂದು ನೆರೆಯವರು ಕೇಳಿದರು; ಮಾಸ್ತರರು ಲೆಕ್ಕ ಹಾಕಿ ಎಂಬತ್ತೆಂದು ಹೇಳಿ, ಅದು ಹಾಗೆ ಹೋಲಿಸುವ ಅಂಕವಲ್ಲವೆಂದು ತಾವೇ ವಿವರಿಸಿದರು. ಅಂದು ಸಂಜೆ ಮಗಳನ್ನು ಕರೆದು, ಪ್ರಬಂಧವನ್ನು ಕನ್ನಡದಲ್ಲಿ ಓದಿ ಹೇಳೆಂದರು.

ಪಡಸಾಲೆಯಲ್ಲಿ ಕುಳಿತು ಆಕೆ ಇಂಗ್ಲಿಷನ್ನು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ ಓದಿದಳು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ದೀಪ ಇಳಿಬಿಡುವ ಭಾಗ ಬಂದಾಗ ಕೈ ಎತ್ತಿ ತಡೆದರು.

“ದೀಪ ಆರಲಿಲ್ಲಂತ ಲಗೂನ ಇಳೀಬಾರದವ್ವಾ. ಬಾಯಿ ತೆರೆದು ಒಂದು ದಿನ ಗಾಳಿಗೆ ಬಿಡಬೇಕು. ಅದನ್ನ ಬರದೀಯೇನು?”

ಹುಡುಗಿ ಪೆನ್ನು ತೆಗೆದುಕೊಂಡು ತನ್ನ ಪ್ರತಿಯ ಅಂಚಿನಲ್ಲಿ ಬರೆದುಕೊಂಡಳು.