ಗಾಳಿಕೋವಿಯ ವಿಕ್ರಯ

ಹಳೆಯ ಸಾಮಾನನ್ನು ಮಾರುವವನ ಮನಸ್ಸಿನಲ್ಲಿ ಎರಡು ಬೆಲೆಗಳಿರುತ್ತವೆ: ತಾನು ಕೊಟ್ಟದ್ದೊಂದು, ತನಗೆ ಬರಬೇಕಾದದ್ದೊಂದು. ಕೊಳ್ಳುವವನ ಮನಸ್ಸಿನಲ್ಲಿರುವುದು ಮೂರನೆಯದು. ಸೈಕಲ್ಲಾಗಲಿ, ಹೊಲಿಗೆಯ ಯಂತ್ರವಾಗಲಿ, ಈ ಮೂರರ ನಡುವೆ ಹೇಗೋ ರಾಜಿಯಾಗುತ್ತದೆ. ಒಡೆಯನ ಮೈಯಳತೆಗೆ ತಿದ್ದಿಸಿದ ಗಾಳಿಕೋವಿಯ ವಿಷಯದಲ್ಲಿ ಮಾತ್ರ ಆ ರಾಜಿ ಅಷ್ಟು ಸುಲಭವಲ್ಲ.

ಸಕಲೇಶಪುರ, ಆಲೂರು ಸೀಮೆಯ ಕಾಫಿತೋಟದ ಮನೆಗಳಲ್ಲಿ ಕೋವಿ ಅಪರೂಪದ ವಸ್ತುವೇನಲ್ಲ. ಆದರೆ ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಇಲ್ಲಿಯವರಿಗಿಲ್ಲ. ತೋಟದ ಕೋವಿಗೆ ಪರವಾನಗಿ ಬೇಕು, ಅದರ ನವೀಕರಣ ಬೇಕು. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಬೇಕಾಗುವುದೂ ಉಂಟು. ಇಷ್ಟು ತಾಪತ್ರಯವಿಲ್ಲದೆ ಮನೆ ಸೇರುವುದು ಗಾಳಿಕೋವಿ. ಅದಕ್ಕೂ ಒಂದು ಮಿತಿಯಿದೆ: ೨೦೧೬ರ ಆಯುಧ ನಿಯಮಗಳಂತೆ ನಳಿಗೆಯ ವ್ಯಾಸ ೪.೫ ಮಿಲಿಮೀಟರನ್ನಾಗಲಿ, ಹೊಡೆತದ ಶಕ್ತಿ ೨೦ ಜೂಲನ್ನಾಗಲಿ ಮೀರಿದರೆ ಪರವಾನಗಿ ಬೇಕೇ ಬೇಕು.

ಈ ಸೀಮೆಯ ತೋಟದ ಯಜಮಾನರೊಬ್ಬರು ತಮ್ಮ ಗಾಳಿಕೋವಿಯನ್ನು ಮಾರಲು ಹೊರಟರು. ನಳಿಗೆಯನ್ನು ಬಗ್ಗಿಸಿ ಸ್ಪ್ರಿಂಗನ್ನು ಬಿಗಿಯುವುದು ವಯಸ್ಸಾದ ಭುಜಕ್ಕೆ ಭಾರವಾಗಿತ್ತು. ಬಲವಾದ ಸ್ಪ್ರಿಂಗು ಹಾಕಿಸಿರೆಂದು ಹಿಂದೆ ಸಲಹೆ ಕೊಟ್ಟವರಿದ್ದರು. ಮಿತಿಯನ್ನರಿತ ಯಜಮಾನರು ಅದಕ್ಕೆ ಕಿವಿಗೊಟ್ಟಿರಲಿಲ್ಲ. ಅವರ ಆಸೆಯೆಲ್ಲ ಅಂದದ ಕಡೆಗೆ, ಅಳತೆಯ ಕಡೆಗೆ. ಮುರಿದ ಹಳೆಯ ಮಂಚದ ಬೀಟೆಯಿಂದ ಭುಜಕ್ಕಾನುವ ಮರದ ಬುಡವನ್ನು ಬಡಗಿಯ ಕೈಯಲ್ಲಿ ಮಾಡಿಸಿದ್ದರು. ಅದು ಅವರ ತೋಳಿನಷ್ಟೇ ಗಿಡ್ಡ; ಅವರ ಕೆನ್ನೆ ಕೂರುವಷ್ಟೇ ಎತ್ತರ. ಮೇಲೊಂದು ದುರ್ಬೀನು, ತೊಗಲಿನ ಪಟ್ಟಿ, ಮಖಮಲ್ಲು ಹಾಸಿದ ಪೆಟ್ಟಿಗೆ, ಸೀಸದ ಗುಂಡಿನ ನಾಲ್ಕು ಡಬ್ಬಿ.

ಮೊದಲು ಬಂದವರು ಆರಡಿಯ ಆಳು. ಕೋವಿಯನ್ನು ಭುಜಕ್ಕೇರಿಸಿದರೆ ಮೂಗು ಹೆಬ್ಬೆರಳಿಗೆ ತಾಗಿತು. "ಗೌಡರೇ, ಇದನ್ನೆಲ್ಲ ತೆಗೆಸುವ ಖರ್ಚು ಕಳೆದು ಬೆಲೆ ಹೇಳಿ," ಎಂದರು. ಯಾವುದನ್ನು ಯಜಮಾನರು ಕೂಡಿಸಿಕೊಂಡಿದ್ದರೋ, ಅದನ್ನೇ ಬಂದವರು ಕಳೆದರು. ವ್ಯಾಪಾರ ಮುರಿಯಿತು.

ಎರಡನೆಯವರು ಚೌಕಾಶಿಯನ್ನೇ ಮಾಡಲಿಲ್ಲ. ಹೇಳಿದಷ್ಟನ್ನೂ ಎಣಿಸಿ ಮೇಜಿನ ಮೇಲಿಟ್ಟು, "ಕಾಡುಕೋಳಿ ಬೀಳುತ್ತದೆ ತಾನೆ?" ಎಂದರು. ಯಜಮಾನರು ನೋಟುಗಳನ್ನು ಅವರ ಕಡೆಗೇ ಸರಿಸಿದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಶಿಕಾರಿಯನ್ನು ನಿಷೇಧಿಸಿದೆ. ಗಾಳಿಕೋವಿಗೆ ಪರವಾನಗಿ ಬೇಡವೆಂದರೆ ಹಕ್ಕಿಯ ಪ್ರಾಣಕ್ಕೂ ಬೇಡವೆಂದಲ್ಲ. ಮಾರಿದ ಮೇಲೆ ವಸ್ತು ತನ್ನದಲ್ಲ, ನಿಜ. ಆದರೆ ಉತ್ತರವನ್ನು ಕಿವಿಯಾರೆ ಕೇಳಿದ ಮೇಲೆ ಹಣ ಪಡೆದರೆ ಪಾಲುದಾರಿಕೆಯಾಗುವುದಿಲ್ಲವೇ? ಒಳಗಿನಿಂದ ಕೇಳುತ್ತಿದ್ದ ಮನೆಯಾಕೆ ಬಂದವರಿಗೆ ಕಾಫಿ ಕೊಟ್ಟು ಕಳುಹಿಸಿದರು.

ಮೂರನೆಯ ಬಾರಿ ಬಂದವರು ಆಲೂರಿನ ಉಪಾಧ್ಯಾಯರು. ಜೊತೆಯಲ್ಲಿ ಕಾಲೇಜಿಗೆ ಹೋಗುವ ಮಗಳು. ೨೦೦೮ರಲ್ಲಿ ಬೀಜಿಂಗಿನ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಹತ್ತು ಮೀಟರಿನ ಗಾಳಿಕೋವಿಯಲ್ಲಿ ಎಂಬುದು ಅವಳಿಗೆ ತಿಳಿದಿತ್ತು. ಅಲ್ಲಿ ಗುರಿಯ ನಡುಬಿಂದುವಿನ ವ್ಯಾಸ ಅರ್ಧ ಮಿಲಿಮೀಟರು ಮಾತ್ರ. ಇದು ಪಂದ್ಯದ ಕೋವಿಯಲ್ಲ, ಕೈ ನಿಲ್ಲಿಸಲು ಕಲಿಯುವುದಕ್ಕಷ್ಟೇ ಎಂದು ಯಜಮಾನರು ಮೊದಲೇ ಹೇಳಿದರು. ಮಳೆಗಾಲದ ಥಂಡಿಗೆ ದುರ್ಬೀನಿನ ಗಾಜಿಗೆ ಬೂಷ್ಟು ಹಿಡಿದಿರುವುದನ್ನೂ ಮುಚ್ಚಿಡಲಿಲ್ಲ. ಹುಡುಗಿ ಕೇಳಿದ ಪ್ರಶ್ನೆ ಒಂದೇ: "ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತಿತ್ತು, ಅಜ್ಜಾ?"

ಯಜಮಾನರು ಅವಳನ್ನು ಹಿತ್ತಲಿಗೆ ಕರೆದೊಯ್ದು ಗುರಿಹಲಗೆಯ ಹಿಂದಿನ ಮಣ್ಣಿನ ದಿಬ್ಬವನ್ನು ತೋರಿಸಿದರು. ಗುಂಡು ತುಂಬದೆ ಹೊಡೆದರೆ ಸ್ಪ್ರಿಂಗು ಹಾಳಾಗುತ್ತದೆ. ಎಣ್ಣೆ ಹೆಚ್ಚಾದರೂ ಕೇಡು. ಖಾಲಿಯಿದ್ದರೂ ನಳಿಗೆಯನ್ನು ಯಾರ ಕಡೆಗೂ ತಿರುಗಿಸಕೂಡದು, ಕಣ್ಣು ಹೋದರೆ ಬರುವುದಿಲ್ಲ ಎಂದೆಲ್ಲ ಹೇಳಿಕೊಟ್ಟರು. ಮೂಲ ಬುಡ ಅಟ್ಟದಿಂದಿಳಿಯಿತು. ನಾಲ್ಕು ತಿರುಪು ಬಿಗಿದಾಗ ಕೋವಿ ಅವಳ ಭುಜಕ್ಕೆ ಸರಿಯಾಗಿ ಕೂತಿತು.

ಉಪಾಧ್ಯಾಯರು ತಮ್ಮ ಹೆಸರು, ವಿಳಾಸ ಬರೆದು ರುಜು ಹಾಕಿ, ಕೋವಿಯನ್ನೂ ಮಗಳ ಅಭ್ಯಾಸವನ್ನೂ ತಮ್ಮ ಹೊಣೆಗೆ ತೆಗೆದುಕೊಂಡರು. ಬಂದ ಹಣ ಎರಡನೆಯವರು ಎಣಿಸಿದ್ದರಲ್ಲಿ ಅರ್ಧ. ಪೆಟ್ಟಿಗೆ, ಪಟ್ಟಿ, ಗುಂಡಿನ ಡಬ್ಬಿಗಳು ಅದರಲ್ಲೇ ಹೋದವು.

ಬೀಟೆಯ ಬುಡವೊಂದು ಮೇಜಿನ ಮೇಲೆ ಉಳಿಯಿತು. ಇದಕ್ಕೆ ಬೆಲೆಯೇ ಬರಲಿಲ್ಲವೆಂದು ಯಜಮಾನರು ಅದನ್ನು ಸವರುತ್ತ ಕುಳಿತಿದ್ದಾಗ ಮನೆಯಾಕೆ ಎಂದರು: "ಮಂಚ ನಮ್ಮ ಅತ್ತೆಯವರದು. ಅದನ್ನು ಮಾರುವವರು ಯಾರು?"