ಮೋತಿಬಾಗಿನಿಂದ ಮರದ ನೆಲಕ್ಕೆ

ರಾಮಕೃಷ್ಣಪುರದ ದೊಡ್ಡಮ್ಮನ ಮನೆಯಿಂದ ಹೊರಟು ದೆಹಲಿ ಕರ್ನಾಟಕ ಸಂಘದ ಕಟ್ಟಡ ದಾಟಿ ರಿಂಗ್ ರೋಡಿಗೆ ಬಂದರೆ, ಮೆಟ್ರೊ ನಿಲ್ದಾಣದ ಬೋರ್ಡಿನ ಮೇಲೆ ನಮ್ಮವರ ಹೆಸರು: ಸರ್ ಎಂ. ವಿಶ್ವೇಶ್ವರಯ್ಯ ಮೋತಿಬಾಗ್! ಬ್ರಹ್ಮಾವರದಿಂದ ಇಷ್ಟು ದೂರ ಬಂದವಳಿಗೆ ಊರಿನ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ಕರೆದಂತಾಯಿತು. ಪಿಂಕ್ ಲೈನಿನಲ್ಲಿ ಮೂರನೇ ನಿಲ್ದಾಣ ದಿಲ್ಲಿ ಹಾಟ್–ಐಎನ್‌ಎ. ಅಲ್ಲಿಳಿದು ಹಳದಿ ಲೈನಿಗೆ ಓಟ. ನಾನು ಹೊರಟಿದ್ದು ಗುರುಗ್ರಾಮಕ್ಕೆ, ಟ್ಯಾಪ್ ಡ್ಯಾನ್ಸಿನ ಮೊದಲ ಪಾಠಕ್ಕೆ.

ಸಾಕೇತ್ ದಾಟುತ್ತಲೇ ರೈಲು ನೆಲದಡಿಯಿಂದ ಮೇಲೇರಿ ಬೆಳಕಿಗೆ ಬರುತ್ತದೆ. ಛತರ್‌ಪುರ ಕಳೆದ ಮೇಲೆ ಎರಡೂ ಕಡೆ ಅರಾವಳಿಯ ಜಾಲಿಪೊದೆ, ಧೂಳುಹಸಿರು. ನಮ್ಮ ಕಡೆಯ ಹಸಿರಿನಲ್ಲಿ ನೀರಿದೆ, ಇಲ್ಲಿಯದರಲ್ಲಿ ಛಲವಿದೆ.

ಸಿಕಂದರ್‌ಪುರದಲ್ಲಿಳಿದು ಆಟೊ ಹಿಡಿದರೆ, ತರಗತಿ ನಡೆಯುವುದು ಒಂದು ಮನೆಯ ನೆಲಮಾಳಿಗೆಯಲ್ಲಿ. ಮೆಟ್ಟಿಲಿಳಿಯುವಾಗಲೇ ಸದ್ದು ಕೇಳುತ್ತದೆ, ಕೆಂಪುಹಂಚಿನ ಮಾಡಿನ ಮೇಲೆ ಮೊದಲ ಮಳೆ ಬಿದ್ದ ಹಾಗೆ. ಕಾಂಕ್ರೀಟಿನ ಮೇಲೆ ರಬ್ಬರು, ಅದರ ಮೇಲೆ ಪ್ಲೈವುಡ್ ಹಾಸಿದ್ದಾರೆ. ಗಟ್ಟಿನೆಲದಲ್ಲಿ ಬಡಿದರೆ ಮೊಣಕಾಲಿಗೆ ಪೆಟ್ಟು. ಮರವಾದರೆ ಪೆಟ್ಟನ್ನು ತಾನು ತಾಳಿಕೊಂಡು ನಾದವನ್ನು ನಮಗೆ ಕೊಡುತ್ತದೆ. ಶೂ ತಿರುಗಿಸಿ ನೋಡುತ್ತೇನೆ: ತುದಿಗೊಂದು, ಹಿಮ್ಮಡಿಗೊಂದು ಅಲ್ಯೂಮಿನಿಯಂ ತಗಡು. ಅದರ ಸ್ಕ್ರೂ ಸಡಿಲಿಸಿದರೆ ಸದ್ದೇ ಬದಲಾಗುತ್ತದಂತೆ. ಚಂಡೆಯ ಹಗ್ಗ ಬಿಗಿದು ಶ್ರುತಿ ಮಾಡುವುದನ್ನು ಕಂಡು ಬೆಳೆದವಳಿಗೆ ಇದು ತಕ್ಷಣ ಅರ್ಥವಾಯಿತು. ನನ್ನ ಅಳತೆಯ ಶೂ ಮಾತ್ರ ಇರಲಿಲ್ಲ. ಒಂದು ನಂಬರು ದೊಡ್ಡದಕ್ಕೆ ಎರಡೆರಡು ಕಾಲುಚೀಲ ತೊಟ್ಟು ನಿಂತೆ.

"ಟಖ್ನಾ ಢೀಲಾ ಛೋಡೋ," ಎನ್ನುತ್ತಾರೆ ಗುರುಗಳು. ಹರಡನ್ನು ಸಡಿಲ ಬಿಡು. ಮೊದಲ ಹೆಜ್ಜೆ ಶಫಲ್: ಪಾದ ಮುಂದಕ್ಕೊಮ್ಮೆ ನೆಲ ಸವರಬೇಕು, ಹಿಂದಕ್ಕೊಮ್ಮೆ. ಎರಡು ಸದ್ದು, ಮೈಭಾರ ಮಾತ್ರ ಇನ್ನೊಂದು ಕಾಲಿನ ಮೇಲೆಯೇ. ಫ್ಲ್ಯಾಪ್‌ನಲ್ಲಿ ಸವರಿದ ಕಾಲನ್ನೇ ಊರಿ ಭಾರ ಹಾಕಬೇಕು. ಆಮೇಲೆ ಬಾಲ್ ಚೇಂಜ್. ಇಲ್ಲಿ ಬಾಲ್ ಎಂದರೆ ಬೆರಳುಗಳ ಬುಡದ ಉಬ್ಬು; ಅದರ ಮೇಲೆ ಭಾರ ಈ ಕಾಲಿನಿಂದ ಆ ಕಾಲಿಗೆ ಚಕ್ಕನೆ ದಾಟುತ್ತದೆ. ಶಫಲ್ ಮತ್ತು ಬಾಲ್ ಚೇಂಜ್ ಕೂಡಿದರೆ ನಾಲ್ಕು ಸದ್ದು. ಅರ್ಧ ಗಂಟೆ ನನ್ನಿಂದ ಮೂರೇ ಹೊರಟವು. ನಾಲ್ಕನೆಯದು ಹೊರಟ ಕ್ಷಣ, ನನ್ನ ಪಾದಕ್ಕೆ ಬಾಯಿ ಬಂತು!

ಈ ಬಾಯಿಯ ಹಿಂದೆ ನೋವಿನ ಕಥೆಯಿದೆ. 1739ರ ಸ್ಟೋನೊ ದಂಗೆಯ ಬಳಿಕ ಅಮೆರಿಕದ ದಕ್ಷಿಣ ಕೆರೊಲೈನಾದಲ್ಲಿ ಗುಲಾಮರು ನಗಾರಿ ಬಾರಿಸುವುದನ್ನು 1740ರ ಕಾನೂನು ನಿಷೇಧಿಸಿತು. ಕೈಯಿಂದ ಕಸಿದ ತಾಳ ಚಪ್ಪಾಳೆಗೆ, ತೊಡೆಗೆ, ಅಂಗಾಲಿಗೆ ಇಳಿಯಿತು. ಮುಂದೆ ಐರಿಷ್ ವಲಸಿಗರ ಕುಣಿತದೊಂದಿಗೆ ಬೆರೆತು ಟ್ಯಾಪ್ ಆಯಿತು. ಇದನ್ನು ಕೇಳಿದ ಮೇಲೆ ಹೆಜ್ಜೆಯನ್ನು ಹಗುರವಾಗಿ ಇಡಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಚಾಣಕ್ಯಪುರಿಯ ಕಥಕ್ ಕೇಂದ್ರದ ಮುಂದೆ ಹಾಯುತ್ತೇನೆ. 1964ರಲ್ಲಿ ಆರಂಭವಾದ ಸಂಸ್ಥೆ. ಅಲ್ಲಿ ಬರಿಗಾಲು, ಗೆಜ್ಜೆ, ಇಡೀ ಅಂಗಾಲಿನ ಚಪ್ಪಟೆ ಹೊಡೆತ: ತಾ ಥೈ ಥೈ ತತ್, ಆ ಥೈ ಥೈ ತತ್. ಟ್ಯಾಪ್‌ನಲ್ಲಿ ಹರಡು ಸಡಿಲ, ಇಲ್ಲಿ ಕಾಲು ನೆಟ್ಟಗೆ. ಆದರೂ ಎರಡೂ ನೆಲವನ್ನೇ ವಾದ್ಯ ಮಾಡಿಕೊಂಡಿವೆ. ಬೆಂಗಳೂರಿನ ಮಾಯಾ ರಾವ್ ಇದೇ ಊರಿಗೆ ಬಂದು ಶಂಭು ಮಹಾರಾಜರಲ್ಲಿ ಕಥಕ್ ಕಲಿತವರು. ಕೋಲ್ಕತ್ತದ ಚಿತ್ರೇಶ್ ದಾಸ್ ಅಂತೂ ಟ್ಯಾಪ್ ನರ್ತಕ ಜೇಸನ್ ಸ್ಯಾಮ್ಯುಯೆಲ್ಸ್ ಸ್ಮಿತ್ ಜೊತೆ 'ಇಂಡಿಯಾ ಜಾಝ್ ಸೂಟ್ಸ್' ಕಟ್ಟಿ, ಗೆಜ್ಜೆ ಮತ್ತು ತಗಡು ಎದುರುಬದುರು ಮಾತಾಡುವಂತೆ ಮಾಡಿದರು.

ಸಂಜೆ ಅಭ್ಯಾಸಕ್ಕೆ ಜಾಗ ಹುಡುಕಿದೆ. ಮನೆತುಂಬ ಮಾರ್ಬಲ್, ಕೆಳಗಿನ ಮಹಡಿಯಲ್ಲಿ ಪರೀಕ್ಷೆಗೆ ಓದುವ ಮಕ್ಕಳು. ಗೋಡೆಗೊರಗಿದ್ದ ಮಣೆಯ ಕಡೆ ನನ್ನ ಕಣ್ಣು ಹೋದದ್ದೇ ತಡ, ದೊಡ್ಡಮ್ಮ ಹೌಹಾರಿದರು. "ಊಟದ ಮಣೆಗೆ ಶೂ ಹಾಕಿ ಹತ್ತುದಾ ಮಾರಾಯ್ತಿ?" ಆಮೇಲೆ ಅವರೇ ತಾರಸಿಗೆ ಕರೆದೊಯ್ದು ಹಳೆಯ ಮಂಚದ ಹಲಗೆ ಎಳೆದು, ಅಡಿಗೊಂದು ಗೋಣಿ ಹಾಸಿಕೊಟ್ಟರು. ಮೊಣಕಾಲು ನೋವಿನ ಅವರು ಕುರ್ಚಿಯಲ್ಲಿ ಕೂತು, ಯಕ್ಷಗಾನಕ್ಕೆ ಪಳಗಿದ ಕಿವಿ ಕೊಟ್ಟು, ಬೆರಳಲ್ಲಿ ಎಣಿಸುತ್ತಾರೆ.

"ಎರಡನೆಯದು ಕೇಳಲಿಲ್ಲ. ಇನ್ನೊಮ್ಮೆ ಹಾಕು."