ರಗಳೆ ಕೇಳಿದ ಕಿವಿಗೆ ಹಿಪ್ ಹಾಪ್

ನಿವೃತ್ತ ಕನ್ನಡ ಮೇಷ್ಟ್ರೊಬ್ಬ ಹಿಪ್ ಹಾಪ್ ಸಂಗೀತದ ಕುರಿತು ಬರೆಯಲು ಹೊರಟಿದ್ದಾನೆಂದರೆ ಕೆಲವು ಓದುಗ ಮಿತ್ರರು ನಗಬಹುದು. ನಗಲಿ. ಕಳೆದ ನಾಲ್ಕೈದು ವರ್ಷಗಳಿಂದ ನಾನು ಈ ಸಂಗೀತವನ್ನು ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ನಿಘಂಟು ಕೈಕೊಟ್ಟಲ್ಲಿ ಮೊಮ್ಮಗಳನ್ನು ಕೇಳಿಕೊಂಡು ಆಲಿಸುತ್ತ ಬಂದಿದ್ದೇನೆ. ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಮ್ಮವರು ತಮಾಷೆ ಮಾಡುತ್ತಾರೆ. ಅಂಥ ಮಧ್ಯಾಹ್ನಗಳಲ್ಲಿ ಹೊರಗೆ ಕಾಲಿಡಲಾಗದ ನನ್ನಂಥವನಿಗೆ ಕಿವಿಯೇ ಸಂಚಾರಸಾಧನ. ಕೇಳಿದ ಮೇಲೆ ಅಭಿಪ್ರಾಯಗಳು ಹುಟ್ಟದೆ ಇರುತ್ತವೆಯೆ? ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಸುಮ್ಮನಿರಲೊಲ್ಲದು.

ಈ ಸಂಗೀತದ ಹುಟ್ಟನ್ನು ಸಾಮಾನ್ಯವಾಗಿ 1973ರ ಆಗಸ್ಟ್ 11ಕ್ಕೆ ಗುರುತಿಸುತ್ತಾರೆ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಒಂದು ವಸತಿ ಕಟ್ಟಡದಲ್ಲಿ, ಜಮೈಕಾದಿಂದ ವಲಸೆ ಬಂದ ಕುಟುಂಬದ ಹುಡುಗ ಕೂಲ್ ಹರ್ಕ್ ತನ್ನ ತಂಗಿ ಏರ್ಪಡಿಸಿದ್ದ ಕೂಟದಲ್ಲಿ ತಟ್ಟೆಗಳನ್ನು ತಿರುಗಿಸಿದ. ಹಾಡಿನ ನಡುವೆ ಬರೀ ತಾಳವಷ್ಟೇ ಉಳಿಯುವ ಜಾಗವನ್ನು ಹಿಗ್ಗಿಸಿ, ಅದರ ಮೇಲೆ ಮಾತಾಡಿದ. ಮುಂದಿನದೆಲ್ಲ ಈ ಎರಡು ಕೆಲಸಗಳ ವಿಸ್ತಾರವೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಲೆಕ್ಕಾಚಾರ. ರ್‍ಯಾಪ್‌ನ ಒಂದು ಸಾಲಿಗೆ ನಾಲ್ಕು ಹೊಡೆತ. ಒಂದೊಂದು ಹೊಡೆತವನ್ನು ನಾಲ್ಕಾಗಿ ಸೀಳಿದರೆ ಹದಿನಾರು ಭಾಗ. ಮಂದಾನಿಲ ರಗಳೆಯ ಸಾಲಿಗೂ ಹದಿನಾರೇ ಮಾತ್ರೆ. ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ಹರಿಹರ ರಗಳೆಗಳನ್ನು ಹರಿಯಬಿಟ್ಟ ನಾಡಿನವನು ನಾನು. ಬೆರಳು ತಾನಾಗಿ ಮಂಚದ ಅಂಚಿನ ಮೇಲೆ ಮಾತ್ರೆ ಎಣಿಸತೊಡಗಿತು. ಇದರಿಂದ ರ್‍ಯಾಪ್ ನಮ್ಮಲ್ಲೇ ಹುಟ್ಟಿತೆಂದು ಹೇಳಲು ನಾನು ಹೊರಟಿಲ್ಲ (ಎಲ್ಲವೂ ನಮ್ಮಲ್ಲೇ ಹುಟ್ಟಿತೆನ್ನುವ ಮಹನೀಯರು ಬೇರೆ ಸಾಕಷ್ಟಿದ್ದಾರೆ). ಓಡುವ ಮಾತನ್ನು ಕಟ್ಟಿಹಾಕಲು ಮನುಷ್ಯರು ಕಂಡುಕೊಂಡ ಅಳತೆಗಳು ದೂರದೂರದಲ್ಲಿದ್ದರೂ ಹತ್ತಿರವಿರುತ್ತವೆ ಎಂಬುದಷ್ಟೇ ನನ್ನ ಸೋಜಿಗ. ಪ್ರಾಸದ ವಿಷಯದಲ್ಲಿ ಮಾತ್ರ ಭೇದವಿದೆ. ನಮ್ಮ ಹಳಬರು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ನೆಟ್ಟರು; ಇವರು ಸಾಲಿನ ತುದಿಯಲ್ಲೂ ಹೊಟ್ಟೆಯಲ್ಲೂ ಬೇಕೆಂದಲ್ಲಿ ಬಿತ್ತುತ್ತಾರೆ.

ಪಬ್ಲಿಕ್ ಎನಿಮಿ ತಂಡದ 1988ರ ‘ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್’ ಆಲ್ಬಂ ಮೊದಲ ಸಲ ಕೇಳಿದಾಗ ಸಿರುಗುಪ್ಪದ ಅಕ್ಕಿ ಗಿರಣಿಯೊಳಗೆ ನಿಂತಂತಾಯಿತು. ಗದ್ದಲ, ಸೈರನ್, ಕಿರುಚು. ಮೂರನೆಯ ಸಲ ಕೇಳಿದಾಗ ಗದ್ದಲವೇ ಅದರ ಕಟ್ಟಡವೆಂದು ತಿಳಿಯಿತು. ಚಕ್ ಡಿ ಎಂಬಾತನ ಗಂಭೀರ ಕಂಠ ಕಥೆಯನ್ನು ಮುನ್ನಡೆಸುತ್ತಿದ್ದರೆ, ಪಕ್ಕದಲ್ಲಿ ಫ್ಲೇವರ್ ಫ್ಲೇವ್ ಎಂಬಾತ ಹೂಂಗುಟ್ಟುತ್ತ, ಕಿಚಾಯಿಸುತ್ತ, ಮಾತಿಗೆ ಮಾತು ಸೇರಿಸುತ್ತಿರುತ್ತಾನೆ. ನನ್ನ ಬಾಲ್ಯದ ಕುರುಗೋಡಿನಲ್ಲಿ ಬುರ್ರಕಥೆಯವರು ಬಂದಾಗ ನಡೆಯುತ್ತಿದ್ದುದೂ ಇದೇ. ನಡುವೆ ತಂಬೂರಿ ಹಿಡಿದ ಮುಖ್ಯ ಕಥನಕಾರ, ಅಕ್ಕಪಕ್ಕದಲ್ಲಿ ಚರ್ಮವಾದ್ಯದ ಹಿಮ್ಮೇಳ. ಹಿಮ್ಮೇಳದವರು ತಾಳ ಹಾಕುವುದರ ಜೊತೆಗೆ ಪ್ರಶ್ನೆ ಕೇಳುತ್ತಾರೆ, ನಗಿಸುತ್ತಾರೆ, ಊರಿನ ಗೌಡನಿಗೂ ಒಂದು ಚುಚ್ಚುಮಾತು ತಲುಪಿಸುತ್ತಾರೆ. ನಮ್ಮ ಜಿಲ್ಲೆಯ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ಓದುಬರಹ ಬಾರದ ಆ ತಾಯಿ ಹನ್ನೆರಡು ಕಾವ್ಯಗಳನ್ನು ನೆನಪಿನಲ್ಲಿಟ್ಟಿದ್ದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಅವರನ್ನು ಕೇಳಿದವನಿಗೆ ‘ಇದು ಸಂಗೀತವೆ, ಬರೀ ಮಾತಲ್ಲವೆ?’ ಎಂಬ ಆಕ್ಷೇಪ ಬಾಲಿಶವೆನಿಸುತ್ತದೆ.

ಅದೇ 1988ರಲ್ಲಿ ಬಂದ ಎನ್‌ಡಬ್ಲ್ಯುಎ ತಂಡದ ‘ಸ್ಟ್ರೇಟ್ ಔಟಾ ಕಾಂಪ್ಟನ್’ ಕುರಿತು ನನ್ನ ಅಭಿಪ್ರಾಯ ಇಬ್ಭಾಗವಾಗಿದೆ. ಪೊಲೀಸರ ದಬ್ಬಾಳಿಕೆಯ ವಿರುದ್ಧದ ಅವರ ಹಾಡಿಗೆ ಅಮೆರಿಕದ ಎಫ್‌ಬಿಐ ಸಂಸ್ಥೆಯೇ 1989ರಲ್ಲಿ ಧ್ವನಿಮುದ್ರಣ ಕಂಪನಿಗೆ ಆಕ್ಷೇಪಣಾ ಪತ್ರ ಬರೆಯಿತೆಂದರೆ ಅದರ ಕಾವು ಎಷ್ಟಿರಬೇಕು! ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಹೆಂಗಸರ ಕುರಿತು ಅದೇ ಬಾಯಿ ಆಡುವ ಮಾತುಗಳು ಅರ್ಥವಾಗುವುದಿಲ್ಲ. ತನ್ನನ್ನು ತುಳಿದವನ ಮೇಲಿನ ಕೋಪವನ್ನು ತನಗಿಂತ ಕೆಳಗೆ ನಿಂತವರ ಮೇಲೆ ತೀರಿಸಿಕೊಳ್ಳುವುದು ಬಂಡಾಯವಲ್ಲ. ‘ಆ ಕಾಲ ಹಾಗಿತ್ತು ತಾತಾ’ ಎನ್ನುತ್ತಾಳೆ ಮೊಮ್ಮಗಳು. ಅದೇ ಕಾಲದಲ್ಲಿ ಹಾಗಲ್ಲದ ಹಾಡುಗಳನ್ನು ಬರೆದವರೂ ಇದ್ದರು ಎಂದು ನಾನು.

ನಾಸ್ ಎಂಬ ಕವಿಯ (ಕವಿ ಎಂದೇ ಕರೆಯುತ್ತೇನೆ) ‘ಇಲ್ಮ್ಯಾಟಿಕ್’ ಬಂದದ್ದು 1994ರಲ್ಲಿ, ಅವನ ಇಪ್ಪತ್ತನೆಯ ವಯಸ್ಸಿನಲ್ಲಿ. ಹತ್ತೇ ಭಾಗ, ನಲವತ್ತು ನಿಮಿಷದೊಳಗೆ ಮುಗಿಯುತ್ತದೆ. ನಾನು ಕೇಳಿದವುಗಳಲ್ಲಿ ಕಸ ಅತ್ಯಂತ ಕಡಿಮೆಯಿರುವ ಆಲ್ಬಂ ಇದು. ಅವನು ತನ್ನ ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ ಮೆಟ್ಟಿಲು, ಕಿಟಕಿ, ಜೈಲಿಗೆ ಹೋದ ಗೆಳೆಯ, ಇಷ್ಟನ್ನೇ ನೋಡುತ್ತಾನೆ, ಉಪದೇಶಕ್ಕೆ ಇಳಿಯುವುದಿಲ್ಲ. ಒಂದು ಹಾಡಿನ ಕೊನೆಗೆ ಅವನ ತಂದೆ ಓಲು ಡಾರಾ ಕಾರ್ನೆಟ್ ಎಂಬ ಕಹಳೆ ನುಡಿಸುತ್ತಾರೆ. ಮಗನ ಮಾತು ನಿಂತಲ್ಲಿ ತಂದೆಯ ಉಸಿರು ಮುಂದುವರಿಯುವ ಆ ಗಳಿಗೆಗಾಗಿ ನಾನು ಆ ಹಾಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಟ್ಟಿಲ್ಲ.

ನನ್ನನ್ನು ಅಲುಗಾಡಿಸಿದ ಆಲ್ಬಂ ಮಾತ್ರ ಬೇರೆ. 1998ರ ‘ದ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್’. ಕಾರ್ಟರ್ ವುಡ್ಸನ್ ಎಂಬ ಇತಿಹಾಸಕಾರರು ಕರಿಯರ ಶಿಕ್ಷಣದ ದುರವಸ್ಥೆಯ ಮೇಲೆ 1933ರಲ್ಲಿ ಬರೆದ ಗ್ರಂಥದ ಹೆಸರನ್ನು ನೆನಪಿಸುವ ಶೀರ್ಷಿಕೆ. ಗ್ರ್ಯಾಮಿ ಪ್ರಶಸ್ತಿಗಳಲ್ಲಿ ವರ್ಷದ ಆಲ್ಬಂ ಎಂಬ ಮನ್ನಣೆ ಹಿಪ್ ಹಾಪ್‌ಗೆ ಮೊದಲು ದೊರೆತದ್ದು ಇದರಿಂದಲೇ, 1999ರಲ್ಲಿ. ಆಲ್ಬಂ ತೆರೆದುಕೊಳ್ಳುವುದು ತರಗತಿಯ ಗಂಟೆಯಿಂದ. ಮೇಷ್ಟ್ರು ಹಾಜರಿ ಕೂಗುತ್ತಾರೆ; ಒಬ್ಬೊಬ್ಬರೇ ಉತ್ತರ ಕೊಡುತ್ತಾರೆ; ಲಾರಿನ್ ಹಿಲ್ ಎಂಬ ಹೆಸರು ಬಂದಾಗ ಉತ್ತರವಿಲ್ಲ. ಮತ್ತೊಮ್ಮೆ ಕೂಗುತ್ತಾರೆ. ಮೌನ. ಆಮೇಲೆ ಹಾಡುಗಳ ನಡುನಡುವೆ ಆ ಮೇಷ್ಟ್ರು ಮಕ್ಕಳೊಂದಿಗೆ ಪ್ರೀತಿಯೆಂದರೇನೆಂದು ಚರ್ಚಿಸುತ್ತಿರುತ್ತಾರೆ. ಆ ದನಿ ರಾಸ್ ಬರಾಕಾ ಎಂಬವರದು. ನಿಜಜೀವನದಲ್ಲೂ ಅವರು ಶಿಕ್ಷಕರೇ, ಮುಂದೆ 2014ರಲ್ಲಿ ನ್ಯೂಯಾರ್ಕ್ ನಗರದ ಸಮೀಪದ ನೆವಾರ್ಕ್‌ನ ಮೇಯರ್ ಆದರು. ಅವರು ಉತ್ತರ ಹೇಳಿಕೊಡುವುದಿಲ್ಲ, ಮಕ್ಕಳ ನಗುವನ್ನು ಗದರಿಸಿ ನಿಲ್ಲಿಸುವುದಿಲ್ಲ. ಸಂಭಾವಿತ ಮೇಷ್ಟ್ರು.

ನಾನು ಬಹುಕಾಲ ಪಾಠ ಹೇಳಿದ್ದು ಸಿರುಗುಪ್ಪದ ಸುತ್ತಿನ ಹಳ್ಳಿಗಳಲ್ಲಿ. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾಯಿತೆಂದರೆ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಸಾಲುಸಾಲು ಗೈರು. ಒಬ್ಬಳಿದ್ದಳು, ಏಳನೆಯ ತರಗತಿ. ಷಟ್ಪದಿಯನ್ನು ಒಮ್ಮೆ ಕೇಳಿದರೆ ಲಯ ತಪ್ಪದೆ ಒಪ್ಪಿಸುತ್ತಿದ್ದಳು. ನಾಟಿಗೆಂದು ಹೋದವಳು ಕಳೆ ತೆಗೆಯುವುದಕ್ಕೂ ನಿಂತಳು, ಕೊಯ್ಲಿಗೂ ನಿಂತಳು, ಮರುವರ್ಷ ಮದುವೆಯಾಯಿತೆಂಬ ಸುದ್ದಿ ಬಂತು. ಎರಡು ಬಾರಿ ಅವರ ಮನೆಗೆ ಹೋಗಿ ಕೇಳಿ ಬಂದಿದ್ದೆ. ತಂದೆ ಕುಡಿಯಲು ಮಜ್ಜಿಗೆ ಕೊಟ್ಟು ಮಾತು ಬೇರೆಡೆಗೆ ತಿರುಗಿಸಿದ್ದರು. ಲಾರಿನ್ ಹಿಲ್ ಹೆಸರನ್ನು ಎರಡನೆಯ ಬಾರಿ ಕೂಗಿದಾಗ ಬರುವ ಮೌನ ಎಷ್ಟು ಹೊತ್ತಿನದೆಂದು ನನಗೆ ಗೊತ್ತು. ಅಲ್ಲಿ ಗೈರಾದವಳು ಹೊರಗಿನಿಂದ ಹಾಡಿ ಜಗತ್ತನ್ನು ತಲುಪಿದಳು. ಆಲ್ಬಂನ ಉತ್ತರಾರ್ಧ ಸಡಿಲವಾಗಿದೆ, ಕೆಲವು ಹಾಡುಗಳು ಪ್ರವಚನದತ್ತ ವಾಲುತ್ತವೆ ಎಂಬ ದೂರು ನನ್ನದೂ ಹೌದು. ಆದರೆ ಆ ಹಾಜರಿಗೆ ಅಂಕ ಕಳೆಯಲು ನನ್ನ ಕೈ ಏಳುವುದಿಲ್ಲ.

ಶಾಲೆಯ ಮಾತು ಬಂದುದರಿಂದ ಕಾನ್ಯೆ ವೆಸ್ಟ್‌ನ 2004ರ ‘ದ ಕಾಲೇಜ್ ಡ್ರಾಪ್‌ಔಟ್’ ಕುರಿತು ಒಂದು ಮಾತು. ಹಳೆಯ ಹಾಡುಗಳ ಕಂಠವನ್ನು ವೇಗಗೊಳಿಸಿ ಹೊಸೆಯುವ ಅವನ ಕುಶಲತೆ ಮೆಚ್ಚತಕ್ಕದ್ದೇ. ಪದವಿಗಳನ್ನು ಗೇಲಿಮಾಡುವ ನಡುಮಾತುಗಳು ಮಾತ್ರ ಬೇಸರ ಬರುವಷ್ಟು ಉದ್ದ. ಅವನ ತಾಯಿ ಇಂಗ್ಲಿಷ್ ಪ್ರಾಧ್ಯಾಪಕಿಯಾಗಿದ್ದರು. ಮನೆಯಲ್ಲಿ ಊಟ ಹೆಚ್ಚಾದವನು ಉಪವಾಸವನ್ನು ಹೊಗಳಿದಂತೆ ನನಗೆ ಕೇಳಿಸಿತು.

ಕೆಂಡ್ರಿಕ್ ಲಾಮಾರ್‌ನ 2017ರ ಆಲ್ಬಂ ‘ಡ್ಯಾಮ್’ಗೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಾಗ ಪತ್ರಿಕೆಗಳು ಬರೆದವು, ಶಾಸ್ತ್ರೀಯ ಮತ್ತು ಜಾಝ್ ಸಂಗೀತದಾಚೆಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ನನಗೆ ಅದಕ್ಕಿಂತ 2015ರ ‘ಟು ಪಿಂಪ್ ಎ ಬಟರ್‌ಫ್ಲೈ’ ದೊಡ್ಡದು. ಅದರಲ್ಲಿ ಹಾಡುಗಳ ನಡುವೆ ಒಂದು ಕವಿತೆ ಬರುತ್ತದೆ. ಪ್ರತಿಸಲವೂ ಹಿಂದಿನದನ್ನು ಮತ್ತೆ ಹೇಳಿ ಒಂದಿಷ್ಟು ಮುಂದಕ್ಕೆ ಬೆಳೆಯುತ್ತದೆ. ಕಥೆ ನಿಲ್ಲಿಸಿ ಮರುರಾತ್ರಿ ಎತ್ತಿಕೊಳ್ಳುವಾಗ ನಮ್ಮ ಕಥನಕಾರರು ಮಾಡುತ್ತಿದ್ದುದೂ ಹೀಗೆಯೇ. ಆದರೆ ಎಪ್ಪತ್ತೆಂಟು ನಿಮಿಷ! ಒಂದೇ ಕೂರಿಕೆಯಲ್ಲಿ ಮುಗಿಸಲು ನನ್ನ ಬೆನ್ನು ಒಪ್ಪಲಿಲ್ಲ.

ಕನ್ನಡದ ಮಾತೇನು? ಆಲ್ಬಂ ಎಂದು ಹಿಡಿದು ವಿಮರ್ಶಿಸುವುದು ಇಲ್ಲಿ ಕಷ್ಟ. ನಮ್ಮವರು ಹೆಚ್ಚಾಗಿ ಯೂಟ್ಯೂಬಿನಲ್ಲಿ ಬಿಡಿ ಹಾಡುಗಳನ್ನು ಬಿಡುತ್ತಾರೆ. ಚಂದನ್ ಶೆಟ್ಟಿಯವರ ‘ಮೂರು ಪೆಗ್’ ನಮ್ಮ ಓಣಿಯ ಮದುವೆ ಮೆರವಣಿಗೆಗಳಲ್ಲೆಲ್ಲ ಮೊಳಗಿತು; ನಾಲಗೆ ಚುರುಕು, ವಸ್ತು ಕಿರಿದು. ಅವರು 2020ರಲ್ಲಿ ಮಾದಪ್ಪನ ಜನಪದ ಗೀತೆ ‘ಕೋಲುಮಂಡೆ’ಯನ್ನು ರ್‍ಯಾಪ್‌ಗೆ ಅಳವಡಿಸಿದಾಗ ಸಂಕಮ್ಮನ ಚಿತ್ರಣಕ್ಕೆ ಭಕ್ತರಿಂದ ಆಕ್ಷೇಪ ಬಂತು, ಅವರು ಕ್ಷಮೆ ಕೋರಿದರು. ಜನಪದವನ್ನು ಮುಟ್ಟಬಾರದೆಂದು ನಾನು ಹೇಳಲಾರೆ. ಮುಟ್ಟುವ ಮುನ್ನ ಅದನ್ನು ಹಾಡಿಕೊಂಡು ಬಂದವರ ಜಗಲಿಯಲ್ಲಿ ನಾಲ್ಕು ರಾತ್ರಿ ಕೂರಬೇಕು. ತಮಿಳಿನ ಅರಿವು ಅವರ 2019ರ ‘ತೆರುಕ್ಕುರಳ್’ ಕೇಳಿದಾಗ ಹೊಟ್ಟೆಕಿಚ್ಚಾಯಿತು. ತಿರುಕ್ಕುರಳನ್ನು ‘ತೆರು’ವಿಗೆ, ಎಂದರೆ ಬೀದಿಗೆ, ತಂದ ಆ ಶೀರ್ಷಿಕೆಯೊಂದೇ ಸಾಕು. ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿದ ತಮ್ಮ ಅಜ್ಜಿಯ ಬದುಕಿನಿಂದಲೇ ಅವರ 2021ರ ‘ಎಂಜಾಯ್ ಎಂಜಾಮಿ’ ಮೂಡಿತು. ವಚನಗಳ ನಾಡಿನಲ್ಲಿ ಅಂಥದೊಂದು ಆಲ್ಬಂ ಕಾಣದೆ ನನಗೆ ನಿರಾಸೆಯಾಗಿದೆ.

ಈ ನಿರಾಸೆಯ ನಡುವೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಪೀಸ್ ರೇಟಿನ ಮೇಲೆ ದುಡಿಯುವ ಹುಡುಗ. ಹಿಪ್ ಹಾಪ್‌ನವರು ಜಗತ್ತಿಗೆಲ್ಲ ತೊಡಿಸಿದ ಆ ಜೋಲು ಪ್ಯಾಂಟುಗಳು ನಮ್ಮೂರ ಜೀವನಾಧಾರವೂ ಹೌದೆಂಬುದನ್ನು ಓದುಗರು ಗಮನಿಸಬೇಕು. ಅವನು ರ್‍ಯಾಪ್ ಬರೆದಿದ್ದ, ತಿದ್ದಿಕೊಡಿ ಎಂದ. ಓದಿದೆ. ಕಾರು, ಬಂದೂಕು, ವೈರಿಗಳು. ‘ನಿನ್ನ ಹತ್ರ ಸೈಕಲ್ಲರ ಐತೇನೋ?’ ಎಂದೆ. ನಕ್ಕು ಹೋದವನು ತಿಂಗಳ ಬಳಿಕ ಇನ್ನೊಂದನ್ನು ತಂದ. ಅದರಲ್ಲಿ ಓವರ್‌ಲಾಕ್ ಮಷಿನ್ನಿತ್ತು, ಕಾಜಾ ಇತ್ತು, ಬೆಲ್ಟಿನ ಲೂಪು ಇತ್ತು. ಬಟ್ಟೆ ತೊಳೆಯುವ ಘಟಕದಲ್ಲಿ ದುಡಿದು ಮೊಣಕೈವರೆಗೆ ನೀಲಿಗಟ್ಟಿದ ತಂದೆಯ ಕೈಯಿತ್ತು. ಮೋರಿಯಲ್ಲಿ ಹರಿಯುವ ನೀಲಿ ನೀರಿತ್ತು. ಭಾಷೆ ನಮ್ಮೂರಿನದೇ, ಕನ್ನಡ, ಕ್ರಿಯಾಪದಕ್ಕೊಮ್ಮೆ ತೆಲುಗು, ಬೈಗುಳಕ್ಕೆ ಉರ್ದು. ಅದನ್ನೇ ತಿದ್ದಬೇಕೆಂದು ಅವನ ಬೇಡಿಕೆ. ‘ಹಿಂಗ ಹಾಡಿದ್ರೆ ಬೆಂಗ್ಳೂರಾಗ ನಗ್ತಾರೆ ಸಾರ್, ಶುದ್ಧ ಮಾಡಿಕೊಡ್ರಿ.’

ನಾನು ಮಾಡಿಕೊಡಲಿಲ್ಲ. ಜೀವಮಾನವಿಡೀ ಶುದ್ಧ ಕನ್ನಡ ಬೋಧಿಸಿದವನಿಗೆ ಅದು ಸುಲಭದ ತೀರ್ಮಾನವಾಗಿರಲಿಲ್ಲ. ಆ ತೆಲುಗಿನ ಕ್ರಿಯಾಪದ ತೆಗೆದು ಕನ್ನಡದ್ದನ್ನು ಇಟ್ಟು ನೋಡಿದೆ. ಮಾತ್ರೆ ಕೂಡಿತು, ತಂದೆಯ ಕೈ ಮಾತ್ರ ಯಾರದೋ ಕೈಯಾಯಿತು. ಎರಡು ಕಡೆ ಲಯ ಎಡವುತ್ತಿತ್ತು, ಅಲ್ಲಿ ಮಾತ್ರ ಪೆನ್ಸಿಲ್ ಗುರುತು ಹಾಕಿದೆ. ಈರಮ್ಮನವರ ಕಥನದ ಧ್ವನಿಮುದ್ರಣವೊಂದನ್ನು ಕೇಳಿಸಿದೆ. ಕೇಳಿ, ‘ಉಸಿರು ಎಲ್ಲಿ ತಗಂತಾರೆ ಸಾರ್, ಗೊತ್ತೇ ಆಗಂಗಿಲ್ಲ’ ಎಂದ. ಸರಿಯಾದ ಪ್ರಶ್ನೆ.

ರಾತ್ರಿ ಯಂತ್ರಗಳು ನಿಂತ ಮೇಲೆ ಬಟ್ಟೆಯ ಥಾನುಗಳ ನಡುವೆ ಕೂತು ಮೊಬೈಲಿನಲ್ಲೇ ಮುದ್ರಿಸಿ ಕಳಿಸಿದ್ದಾನೆ. ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು ಕೇಳಿಸುತ್ತದೆ, ಎರಡನೆಯ ಚರಣದಲ್ಲಿ ಅವಸರ ಮಾಡಿದ್ದಾನೆ, ಪಲ್ಲವಿ ಇನ್ನೂ ಯಾರದೋ ಅನುಕರಣೆ. ಮೂರನೆಯ ಚರಣವನ್ನು ಇನ್ನೂ ಬರೆದಿಲ್ಲ. ಹಬ್ಬದ ಆರ್ಡರ್ ಮುಗಿದ ಮೇಲೆ ಬರೆಯುತ್ತೇನೆ ಎಂದಿದ್ದಾನೆ.